ನೀರಿನ ಬಿಸಿ ತಿಳಿಯದ ಕೈ

ಬಾಣಂತಿಯರಿಗೂ ಶಿಶುಗಳಿಗೂ ಎಣ್ಣೆ ತಿಕ್ಕಿ ಮೀಯಿಸುವುದು ನನ್ನ ಕೆಲಸ. ಮದುವೆಯಾಗಿ ಕಾಪುವಿಗೆ ಬಂದ ಮೇಲೆ ಶುರು ಮಾಡಿದ್ದು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ಮೀಯಿಸಿದ ಹೆಣ್ಣುಮಕ್ಕಳು ದೊಡ್ಡವರಾಗಿ, ಅವರ ಮಕ್ಕಳನ್ನು ಮೀಯಿಸಲಿಕ್ಕೂ ನನ್ನನ್ನೇ ಕರೆದದ್ದುಂಟು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಬಸ್ಸಿನ ಬೋರ್ಡು ಓದುತ್ತೇನೆ, ಮಾತ್ರೆಯ ಲಕೋಟೆಯ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಬರೆದದ್ದನ್ನು ಓದುತ್ತೇನೆ, ನಿಧಾನಕ್ಕೆ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನದ್ದು ಬೇಕಾಗಿ ಬಂದದ್ದಿಲ್ಲ.

ಈ ಕೆಲಸದಲ್ಲಿ ವಿದ್ಯೆ ಅಂತ ಇರುವುದು ನೀರಿನ ಬಿಸಿ ಒಂದೇ. ಎಣ್ಣೆ ಯಾರು ಬೇಕಾದರೂ ತಿಕ್ಕಬಹುದು. ಬಾಣಂತಿಯ ಸೊಂಟಕ್ಕೆ ಬೀಸಿ ಹೊಯ್ಯುವ ನೀರು ಚರ್ಮ ಕೆಂಪಾಗುವಷ್ಟು ಬಿಸಿ ಇರಬೇಕು, ಸುಡಬಾರದು. ಶಿಶುವಿಗೆ ಹೊಯ್ಯುವ ನೀರು ಬೇರೆಯೇ. ಈ ಎರಡರ ನಡುವೆ ಇರುವುದು ಅರ್ಧ ಚೊಂಬು ತಣ್ಣೀರು. ಆ ಅರ್ಧ ಚೊಂಬು ಯಾವಾಗ ಹಾಕಬೇಕು ಎಂದು ಹೇಳುವುದು ಕೈ.

ಇದನ್ನು ನನಗೆ ಕಲಿಸಿದವಳು ಕಾರ್ಕಳದಲ್ಲಿದ್ದ ದೊಡ್ಡಮ್ಮ, ಅಂದರೆ ನನ್ನ ತಾಯಿಯ ಅಕ್ಕ. ಹಂಡೆಯ ಮುಂದೆ ಕುಳ್ಳಿರಿಸಿ, ನನ್ನ ಬೆರಳುಗಳನ್ನು ಹಿಡಿದು ನೀರಿಗೆ ಅದ್ದಿಸುತ್ತಿದ್ದಳು. "ಹತ್ತು ಎಣಿಸು. ಹತ್ತಕ್ಕೆ ಮೊದಲೇ ಕೈ ತೆಗೀಬೇಕು ಅಂತ ಆದರೆ ತಣ್ಣೀರು ಸೇರಿಸು. ಮೊಣಕೈ ಅದ್ದಿ ನೋಡುದು ಹೊಸಬರು. ನಮ್ಮದು ಬೆರಳೇ."

ಆ ದೊಡ್ಡಮ್ಮನಿಗೆ ಇನ್ನೊಂದು ಕ್ರಮ ಇತ್ತು. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಿನ ಬಾಗಿಲು ಹಾಕಿದಳೆಂದರೆ ಒಂದು ತಾಸು ತೆಗೆಯುತ್ತಿರಲಿಲ್ಲ. ಅವಳ ಅತ್ತೆ ಕರೆದರೂ ಇಲ್ಲ, ದನ ಹಗ್ಗ ಬಿಚ್ಚಿಕೊಂಡು ಗದ್ದೆಗೆ ಹೊರಟರೂ ಇಲ್ಲ. ಒಳಗಿನಿಂದಲೇ ಕೂಗುತ್ತಿದ್ದಳು: "ನಾನು ಸತ್ತಿದ್ದೇನೆ. ಒಂದು ತಾಸು ಬಿಟ್ಟು ಏಳ್ತೇನೆ." ಅತ್ತೆ ಹೊರಗೆ ಬೈಯುತ್ತಿದ್ದರು. ನನಗೂ ಅದು ಸೊಕ್ಕು ಎಂದೇ ಕಂಡಿತ್ತು. ನೀರಿನ ವಿದ್ಯೆಯನ್ನು ಅವಳಿಂದ ಕಲಿತೆ, ಶುಕ್ರವಾರವನ್ನು ಕಲಿಯಲಿಲ್ಲ.

ನನ್ನ ಗಂಡ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಉಡುಪಿ–ಕಾರ್ಕಳ ಲೈನು. ನಮ್ಮ ಸಂಬಂಧ ಕುದುರಿದ್ದೂ ಆ ಬಸ್ಸಿನಲ್ಲೇ, ಅದರ ಕಥೆ ಇಲ್ಲಿ ಬೇಡ. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಇದ್ದವರು ಗೋಡೆಗೆ ಒರಗಿ ಕುಸಿದರು. ಲಕ್ವ. ಎಡಗೈ, ಎಡಗಾಲು ಹೋಯಿತು. ಮಾತು ಬಾಯಿಯೊಳಗೇ ಉಳಿಯಿತು. ಬಲಗೈ ಮಾತ್ರ ಗಟ್ಟಿ. ಮಾತು ಬಾರದೆ ಸಿಟ್ಟಿನಲ್ಲಿ ಲೋಟ ಎಸೆಯಲು ಶುರು ಮಾಡಿದಾಗ ನಾನು ಅವರ ಹಳೆಯ ಕಾಕಿ ಅಂಗಿಯ ಕಿಸೆಯಿಂದ ಸೀಟಿಯನ್ನು ತೆಗೆದು ಕೊರಳಿಗೆ ಕಟ್ಟಿದೆ. ಒಂದು ಸೀಟಿ ಎಂದರೆ ನಿಲ್ಲು, ಇಲ್ಲಿ ಬಾ. ಎರಡು ಸೀಟಿ ಎಂದರೆ ಆಯಿತು, ಹೊರಡು. ಬಸ್ಸಿನಲ್ಲಿ ಹೇಗೋ ಹಾಗೆಯೇ. ಲೋಟ ಎಸೆಯುವುದು ನಿಂತಿತು. ಸೀಟಿ ನಿಲ್ಲಲಿಲ್ಲ.

ನನ್ನ ದಿನ ಹೀಗಿತ್ತು. ಬೆಳಕು ಹರಿಯುವಾಗ ಎದ್ದು ಅವರನ್ನು ಎತ್ತಿ ಕುಳ್ಳಿರಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಗಂಜಿ ತಿನ್ನಿಸುವುದು. ಏಳೂವರೆಯ ಬಸ್ಸು ಹಿಡಿದು ಬಾಣಂತಿಯ ಮನೆಗೆ. ಒಂದು ಮನೆ, ಕೆಲವು ಸಲ ಎರಡು. ಹನ್ನೊಂದಕ್ಕೆ ವಾಪಸ್. ಮತ್ತೆ ಅವರ ಸ್ನಾನ, ಊಟ, ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು. ಅವರು ತೆಳ್ಳಗಿನವರಲ್ಲ. ಅವರನ್ನು ಎತ್ತುವಾಗ ಭಾರ ಪೂರ್ತಿ ನನ್ನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ನಮಗೆ ಮಕ್ಕಳಿಲ್ಲ. ಅದಕ್ಕೂ ಒಂದು ಕಾಲದಲ್ಲಿ ಅತ್ತದ್ದಾಯಿತು.

ಪಕ್ಕದ ಬಾಡಿಗೆ ಮನೆಯಲ್ಲಿ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಇದ್ದಾರೆ. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ಅವಳು ಮನೆಯಲ್ಲೇ ಕುಳಿತು ಮಲ್ಲಿಗೆ ಕಟ್ಟುತ್ತಾಳೆ. ಶಂಕರಪುರದ ಮೊಗ್ಗು ಬೆಳಿಗ್ಗೆ ಬರುತ್ತದೆ, ಬಾಳೆನಾರಿನಲ್ಲಿ ಕಟ್ಟಿ ಮಧ್ಯಾಹ್ನಕ್ಕೆ ಕೊಡಬೇಕು. ಅವಳಿಗೆ ಮಗಳು ಹುಟ್ಟಿದಾಗ ಊರಿನಿಂದ ತಾಯಿ ಬರಲಿಕ್ಕಾಗಲಿಲ್ಲ. ನಾನೇ ನಲವತ್ತು ದಿನ ಮೀಯಿಸಿದ್ದೆ. ಅಂದಿನಿಂದ ಅವಳು ಬೇಲಿಯ ಆಚೆಯಿಂದ ಒಂದೇ ಮಾತು ಹೇಳುತ್ತಿದ್ದಳು: "ಅಮ್ಮಾರ, ನೀವು ಎಲ್ಲಿಗರ ಹೋಗೂದಿದ್ರ ಹೋಗಿ ಬರ್ರಿ. ಅಜ್ಜಾರ ಹತ್ರ ನಾ ಕುಂದರತೀನಿ."

"ನೀನು ಕೂತರೆ ಎಂತ ಪ್ರಯೋಜನ? ಅವರು ಬೇರೆಯವರ ಕೈಯಿಂದ ಒಂದು ಗುಟುಕು ನೀರು ಕುಡಿಯುದಿಲ್ಲ."

"ಕೇಳಿ ನೋಡೀರೇನ್ರಿ?"

"ಐದು ವರ್ಷದಿಂದ ನೋಡ್ತಾ ಇದ್ದೇನೆ ಮಾರಾಯ್ತಿ. ಕೇಳಲಿಕ್ಕೆ ಎಂತ ಉಂಟು?"

ಕೇಳಿರಲಿಲ್ಲ. ಈಗ ಹೇಳುತ್ತೇನೆ, ಕೇಳಿಯೇ ಇರಲಿಲ್ಲ. ನಾನಿಲ್ಲದಿದ್ದರೆ ಈ ಮನೆ ನಡೆಯುವುದಿಲ್ಲ ಎಂದು ಹೇಳಿಕೊಳ್ಳುವಾಗ ಒಂದು ರೀತಿಯ ಸುಖ ಇರುತ್ತದೆ. ತಲೆಗೆ ಎಣ್ಣೆ ಇಟ್ಟು ಎಷ್ಟು ತಿಂಗಳಾಯಿತು ಎಂದು ಗೊತ್ತಿಲ್ಲದವಳಿಗೆ ಸಿಗುವ ಸುಖ ಅದೊಂದೇ. ಅದನ್ನೂ ಬೇಲಿ ದಾಟಿಸಿ ಕೊಡಲು ನಾನು ತಯಾರಿರಲಿಲ್ಲ.

ಕೈ ಕೆಟ್ಟದ್ದು ಎರಡು ಮಳೆಗಾಲದ ಹಿಂದೆ. ಬೆಳಿಗ್ಗೆ ಏಳುವಾಗ ಬಲಗೈಯ ಹೆಬ್ಬೆರಳು, ಪಕ್ಕದ ಎರಡು ಬೆರಳು ಮರಗಟ್ಟಿರುತ್ತಿದ್ದವು. ಕೊಡವಿದರೆ ಸರಿಯಾಗುತ್ತಿತ್ತು. ಆಮೇಲೆ ಕೊಡವಿದರೂ ಆಗಲಿಲ್ಲ. ಬಸ್ಸಿನಲ್ಲಿ ಸರಳು ಹಿಡಿದರೆ ಜುಮು ಜುಮು. ಚೊಂಬು ಕೈಯಿಂದ ಜಾರುತ್ತಿತ್ತು. ಎಣ್ಣೆ ಕೈ ಎಂದು ಹೇಳಿ ನಗುತ್ತಿದ್ದೆ. ಔಷಧಿ ಅಂಗಡಿಯಲ್ಲಿ ಒಂದು ಮುಲಾಮು ತಂದು ಹಚ್ಚಿದೆ. ಆಸ್ಪತ್ರೆಗೆ ಹೋಗಲಿಕ್ಕೆ ಪುರುಸೊತ್ತು ಬೇಕಲ್ಲ. ಇವರನ್ನು ಆರು ತಿಂಗಳಿಗೊಮ್ಮೆ ರಿಕ್ಷಾ ಮಾಡಿ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಆ ಆಸ್ಪತ್ರೆಯ ಬೆಂಚಿನ ಮೇಲೆ ಗಂಟೆಗಟ್ಟಲೆ ಕುಳಿತು ನನ್ನ ಕೈಯನ್ನು ನಾನೇ ತಿಕ್ಕಿಕೊಂಡಿದ್ದೇನೆ. ಎದುರಿನ ಬಾಗಿಲಿನಲ್ಲಿ ಡಾಕ್ಟರ್ ಇದ್ದರು. ತೋರಿಸಬೇಕು ಎಂದು ತಲೆಗೇ ಬರಲಿಲ್ಲ. ಚೀಟಿಯಲ್ಲಿದ್ದದ್ದು ಗಂಡನ ಹೆಸರು.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಉಡುಪಿಯ ಒಂದು ಮನೆಯಿಂದ ಕರೆ ಬಂತು. ಮಗಳು ದುಬೈಯಲ್ಲಿರುವವಳು, ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ದೊಡ್ಡ ಮನೆ. ಎಲ್ಲ ಬಚ್ಚಲಿನಲ್ಲೂ ಗೀಸರ್. ಆದರೂ ತಾಯಿ ಹಿಂದುಗಡೆಯ ಕೊಟ್ಟಿಗೆಯಲ್ಲಿ ಒಲೆ ಹಾಕಿಸಿ ಹಂಡೆ ಇಡಿಸಿದ್ದರು. "ಕರೆಂಟಿನ ಬಿಸಿ ಮೈಗೆ ಹಿಡಿಯುದಿಲ್ಲ, ಅಲ್ವಾ ಅಕ್ಕ?" ಎಂದರು. ನಾನು ಹೌದು ಎಂದೆ. ಬಿಸಿಗೆ ಕರೆಂಟು ಯಾವುದು, ತೆಂಗಿನ ಸಿಪ್ಪೆ ಯಾವುದು? ನನ್ನ ಕೆಲಸ ಉಳಿಯಬೇಕಾದರೆ ಹಂಡೆ ಇರಬೇಕು, ಅದಕ್ಕೆ ಹೌದು ಎಂದೆ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ನೆನಪಿಲ್ಲ. ಶಿಶು ಮಲಗಿತ್ತು, ಹಾಗಾಗಿ ಬಾಣಂತಿಯದ್ದು ಮೊದಲು ಮುಗಿಸುವ ಎಂದೆ. ಹುಡುಗಿ ನನಗೆ ಬೆನ್ನು ಹಾಕಿ ಮಣೆಯ ಮೇಲೆ ಕುಳಿತಳು. ನಾನು ನೀರು ಬೆರೆಸಿ ಕೈ ಅದ್ದಿ ಹತ್ತು ಎಣಿಸಿದೆ. ಕೈ ಏನೂ ಹೇಳಲಿಲ್ಲ. ನೀರು ಆರಿದೆ ಎಂದುಕೊಂಡೆ. ಇನ್ನೆರಡು ಚೊಂಬು ಹಂಡೆಯಿಂದ ಸುರಿದೆ. ಮತ್ತೆ ಎಣಿಸಿದೆ. ಸಾಕು ಎಂದು ಕಂಡಿತು.

ಮೊದಲ ಚೊಂಬು ಬೀಸಿ ಹೊಯ್ದಾಗ ಅವಳ ಬೆನ್ನು ನೆಟ್ಟಗಾಯಿತು. ಎರಡನೆಯದಕ್ಕೆ ಎರಡೂ ಕೈಯಿಂದ ಮಣೆಯ ಅಂಚನ್ನು ಹಿಡಿದಳು.

"ಬಿಸಿ ಉಂಟಾ ಮಗಾ?"

"ಪರವಾಗಿಲ್ಲ ಅಜ್ಜಿ."

ಬಾಗಿಲಲ್ಲಿ ನಿಂತಿದ್ದ ತಾಯಿ ನಕ್ಕರು. "ಬಿಸಿ ಇರ್ಬೇಕು. ನನ್ನ ಬಾಣಂತನದಲ್ಲಿ ನಾನು ಕಿರುಚಿದ್ದು ಪಕ್ಕದ ಮನೆಗೆ ಕೇಳಿತ್ತು. ಇವಳು ಗಟ್ಟಿ ಇದ್ದಾಳೆ."

ಮೂರನೆಯದು ಹೊಯ್ದೆ. ಆ ನೀರು ಅವಳ ಬೆನ್ನಿನಿಂದ ಇಳಿದು ನೆಲದ ಮೇಲೆ ಹರಿದು ಬಂದು ನನ್ನ ಪಾದಕ್ಕೆ ತಾಗಿತು. ನಾನು ಕಾಲು ಕಿತ್ತುಕೊಂಡೆ. ಸುಟ್ಟಿತು. ಬೆನ್ನಿನ ಮೇಲೆ ಹರಿದು, ನೆಲದಲ್ಲಿ ಹರಿದು, ಅಷ್ಟು ಆರಿದ ಮೇಲೂ ಕಾಲು ಸುಟ್ಟಿತು. ಅದೇ ನೀರಿನಲ್ಲಿ ನನ್ನ ಕೈ ಹತ್ತು ಎಣಿಸಿಕೊಂಡು ಸುಮ್ಮನೆ ಕುಳಿತಿತ್ತು.

ಅವಳ ಬೆನ್ನು ನೋಡಿದೆ. ನೀರು ಬಿದ್ದ ಜಾಗ ನೀರಿನದೇ ಆಕಾರದಲ್ಲಿ ಕೆಂಪಾಗಿತ್ತು. ಭುಜದ ಹತ್ತಿರ ಚರ್ಮ ಸ್ವಲ್ಪ ಎದ್ದಿತ್ತು. ತಣ್ಣೀರಿನ ಬಾಲ್ದಿ ಎಳೆದು ಅವಳ ಬೆನ್ನಿಗೆ ಸುರಿಯಲು ಶುರು ಮಾಡಿದೆ.

"ಅಯ್ಯೋ ಅಕ್ಕಾ, ಎಂತ ಮಾಡ್ತಿದ್ದೀರಿ? ಬಾಣಂತಿಗೆ ತಣ್ಣೀರಾ?"

"ಬಾಯಿ ಮುಚ್ಚಿ ಇನ್ನೊಂದು ಬಾಲ್ದಿ ತನ್ನಿ."

ತಂದರು. ಬಹಳ ಹೊತ್ತು ಸುರಿದೆ. ಹುಡುಗಿ ನಡುಗುತ್ತಾ ಕುಳಿತಿದ್ದಳು. "ನೀನು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಎಲ್ಲರೂ ತಡ್ಕೊಬೇಕು ಅಂತ ಹೇಳಿದ್ರು ಅಜ್ಜಿ. ಮತ್ತೆ, ನಿಮ್ಮ ಕೈಗೆ ಗೊತ್ತಾಗುದಲ್ವಾ ಅಂತ ಸುಮ್ಮನಿದ್ದೆ."

ಆ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ತಾಯಿ ತೆಂಗಿನೆಣ್ಣೆ ತರಲು ಓಡಿದರು, ಎಣ್ಣೆ ಬೇಡ, ಡಾಕ್ಟರಿಗೆ ತೋರಿಸಿ ಎಂದೆ. "ಇಷ್ಟಕ್ಕೆಲ್ಲಾ ಡಾಕ್ಟರಾ, ಬಿಸಿನೀರಿಗೆ ಕೆಂಪಾಗುದೇ ಅಲ್ವಾ" ಎಂದರು. ಅವರಿಗೆ ಅದು ಒಳ್ಳೆಯ ಮೀಯಿಸುವಿಕೆಯ ಗುರುತು. ಅಷ್ಟರಲ್ಲಿ ಶಿಶು ಎದ್ದು ಅತ್ತಿತು. ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು, "ಈಗ ಇವನದ್ದು" ಎಂದು ನನ್ನ ಮುಂದೆ ಹಿಡಿದರು. ಶಿಶುವನ್ನು ಮೀಯಿಸಬೇಕಾದರೆ ಕಾಲು ಚಾಚಿ ಕುಳಿತು ಅದನ್ನು ಕಾಲ ಮೇಲೆ ಮಲಗಿಸಿಕೊಳ್ಳಬೇಕು. ನಾನು ಕಾಲು ಚಾಚಲಿಲ್ಲ. ಇವನು ಮೊದಲೇ ಎದ್ದಿದ್ದರೆ ಆ ನೀರು ಯಾರ ಮೇಲೆ ಬೀಳುತ್ತಿತ್ತು ಎಂದು ಯೋಚಿಸುತ್ತಾ ನಿಂತಿದ್ದೆ.

"ನೀವೇ ಮೀಯಿಸಿ. ಮೊಣಕೈ ಅದ್ದಿ ನೋಡಿ. ನನ್ನ ಕೈಗೆ ಬಿಸಿ ತಿಳಿಯುದಿಲ್ಲ."

"ತಮಾಷೆ ಮಾಡ್ಬೇಡಿ ಅಕ್ಕ."

"ತಮಾಷೆ ಅಲ್ಲ. ನಾನೇ ಸುಟ್ಟದ್ದು. ಕೈ ಸರಿ ಆಗುವವರೆಗೆ ನನ್ನನ್ನು ಕರೀಬೇಡಿ. ಇವತ್ತೇ ಅವಳನ್ನು ಡಾಕ್ಟರಿಗೆ ತೋರಿಸಿ."

ಹೇಳಿ ಹೊರಟೆ. ಕಾಪುವಿನ ಬಸ್ಸು ನಿಂತಿತ್ತು. ಹತ್ತಲಿಲ್ಲ. ಮಣಿಪಾಲದ ಬಸ್ಸು ಹತ್ತಿದೆ. ಸೀರೆ ಮೊಣಕಾಲಿನವರೆಗೆ ಒದ್ದೆ. ಪಕ್ಕದಲ್ಲಿ ಕುಳಿತ ಕಾಲೇಜಿನ ಹುಡುಗಿ ಸರಿದು ಕುಳಿತಳು.

ಆಸ್ಪತ್ರೆಯಲ್ಲಿ ಚೀಟಿ ಮಾಡುವವರು ಹೆಸರು ಕೇಳಿದಾಗ ಅಭ್ಯಾಸಬಲದಿಂದ ಗಂಡನ ಹೆಸರು ಹೇಳಿದೆ. "ಪೇಷೆಂಟ್ ಎಲ್ಲಿ?" ಎಂದರು. "ಇಲ್ಲೇ" ಎಂದು ನನ್ನ ಹೆಸರು ಬರೆಸಿದೆ. ಡಾಕ್ಟರ್ ಸಣ್ಣ ಪ್ರಾಯದ ಹೆಂಗಸು.

"ಎಷ್ಟು ಸಮಯದಿಂದ ಉಂಟು?"

"ಎರಡು ಮಳೆಗಾಲ."

"ಮತ್ತೆ ಯಾಕೆ ಬರಲಿಲ್ಲ?"

"ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ."

"ನೀವು ಹುಷಾರಿದ್ದೀರಾ?"

"ನನಗೆಂತ ಆಗಿದೆ?"

ಅವರು ಒಂದು ಕಾಗದವನ್ನು ನನ್ನ ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಇಟ್ಟು, ಗಟ್ಟಿ ಹಿಡಿಯಿರಿ ಎಂದರು. ಹಿಡಿದೆ. ಮೆಲ್ಲಗೆ ಎಳೆದರು, ಬಂತು. "ಇದು ಆಗಿದೆ" ಎಂದರು. ಆಮೇಲೆ ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಬಲಗೈಯ ಹೆಬ್ಬೆರಳಿನ ಬುಡದ ಮಾಂಸ ತಗ್ಗಾಗಿತ್ತು. ಊರಿನ ಶಿಶುಗಳ ಮೈಯಲ್ಲಿ ಮೂರು ದಿನಕ್ಕೆ ಎಷ್ಟು ಮಾಂಸ ಹಿಡಿಯಿತು ಎಂದು ಹೇಳಬಲ್ಲವಳು ನಾನು, ನನ್ನದೇ ಕೈ ಬತ್ತಿದ್ದನ್ನು ನೋಡಿರಲಿಲ್ಲ.

ಮಣಿಕಟ್ಟಿನಲ್ಲಿ ನರ ಒತ್ತಿ ಹೋಗಿದೆಯಂತೆ. ಕರೆಂಟಿನಂಥದ್ದು ಏನೋ ಕೊಟ್ಟು ಪರೀಕ್ಷೆ ಮಾಡಿದರು. ಸಣ್ಣ ಆಪರೇಷನ್, ಅದೇ ದಿನ ಮನೆಗೆ ಹೋಗಬಹುದು ಎಂದರು. ಈಗ ಮಾಡಿದರೆ ಬೆರಳಿನ ತಿಳಿವಳಿಕೆ ಹೆಚ್ಚಿನಂಶ ವಾಪಸ್ ಬಂದೀತು. ಇನ್ನೂ ಮುಂದೆ ಹಾಕಿದರೆ ಬರುವ ಭರವಸೆ ಇಲ್ಲ.

"ಆಪರೇಷನ್ ಆದ ಮೇಲೆ ಎರಡು ವಾರ ಕೈ ಒದ್ದೆ ಮಾಡಬಾರದು, ಭಾರ ಎತ್ತಬಾರದು."

ನನಗೆ ನಗು ಬಂತು. ಒದ್ದೆ ಮಾಡುವುದು, ಭಾರ ಎತ್ತುವುದು. ಇವೆರಡನ್ನು ಬಿಟ್ಟು ನನಗೆ ಬೇರೆ ಕೆಲಸವೇ ಇಲ್ಲ. "ಮನೆಯಲ್ಲಿ ಕೇಳಿ ಹೇಳ್ತೇನೆ" ಎಂದೆ. ಮನೆಯಲ್ಲಿ ಕೇಳಲಿಕ್ಕೆ ಇದ್ದವರು ಯಾರು?

ಕಾಪುವಿನಲ್ಲಿ ಬಸ್ಸಿಳಿಯುವಾಗ ಮೂರು ಗಂಟೆ. ಗಂಡನಿಗೆ ಊಟ ಇಲ್ಲ, ಸ್ನಾನ ಇಲ್ಲ, ಮಲಗಿದಲ್ಲೇ ಇದ್ದಾರೆ. ಬೇಗ ಬೇಗ ನಡೆದೆ. ನಮ್ಮ ಮನೆಯ ತಿರುವಿನಲ್ಲಿ ಸೀಟಿ ಕೇಳಬೇಕು. ಕೇಳಲಿಲ್ಲ. ಸತ್ತರು ಎಂದುಕೊಂಡೆ. ಯಾರಿಗೆಲ್ಲ ಫೋನ್ ಮಾಡಬೇಕು ಎಂದು ಯೋಚಿಸುತ್ತಾ ಗೇಟು ತೆರೆದೆ.

ಜಗಲಿಯಲ್ಲಿ ಕುರ್ಚಿ ಹಾಕಿ, ಬೆನ್ನಿಗೆ ಎರಡು ದಿಂಬು ಕೊಟ್ಟು ಅವರನ್ನು ಕುಳ್ಳಿರಿಸಿಯಾಗಿತ್ತು. ಪಕ್ಕದ ಮನೆಯವಳು ನೆಲದ ಮೇಲೆ ಕುಳಿತು, ಮಧ್ಯಾಹ್ನಕ್ಕೇ ಕೊಡಬೇಕಿದ್ದ ಹೂವನ್ನು ಇನ್ನೂ ಕಟ್ಟುತ್ತಿದ್ದಳು. ಅವರು ಬಲಗೈಯಿಂದ ಮರಿಗೆಯಲ್ಲಿದ್ದ ಮೊಗ್ಗುಗಳನ್ನು ನಾಲ್ಕು ನಾಲ್ಕಾಗಿ ಎತ್ತಿ ಕೊಡುತ್ತಿದ್ದರು. ನನ್ನನ್ನು ಕಂಡು, ಟಿಕೆಟ್ ಮಾಡದೆ ಹತ್ತಿದವರನ್ನು ನೋಡುವ ಹಾಗೆ ಒಮ್ಮೆ ನೋಡಿದರು. ಮತ್ತೆ ಮೊಗ್ಗಿಗೆ ಕೈ ಹಾಕಿದರು.

"ಸೀಟಿ ಹೊಡಿಯಾಕತ್ತಿದ್ರು ಅಮ್ಮಾರ, ನೀವು ಬರಲಿಲ್ಲ. ಅದಕ್ಕ ಬಂದೆ. ನನ್ನ ಗಂಡಂಗ ಫೋನ್ ಮಾಡಿ ಕರಸಿ, ಇಬ್ರೂ ಎತ್ತಿ ಕುಂದರಿಸಿದ್ವಿ" ಎಂದಳು.

"ಊಟ?"

"ಎರಡು ರೊಟ್ಟಿ ಉಂಡ್ರು. ಬಿಸಿ ಹಾಲಾಗ ನೆನಸಿ ಕೊಟ್ಟೆ. ಇನ್ನೊಂದ್ ಕೇಳಿದ್ರು."

"ಕೇಳಿದರಾ? ಹೇಗೆ ಕೇಳಿದರು?"

"ಒಂದ್ ಸೀಟಿ ಹೊಡೆದ್ರು."

ಐದು ವರ್ಷ ನನ್ನ ಕೈಯ ಗಂಜಿ ಕುಡಿದ ಮನುಷ್ಯ ಇನ್ನೊಂದು ಸೌಟು ಕೇಳಿದವರಲ್ಲ. ಜಗಲಿಗೆ ಅವರು ಬಂದು ಎಷ್ಟು ಸಮಯವಾಗಿತ್ತೋ. ರಸ್ತೆ ನೋಡಬೇಕೆಂದು ಅವರಿಗೆ ಇರಬಹುದು ಎಂದು ನನಗೆ ಹೊಳೆದಿರಲೇ ಇಲ್ಲ. ಜಗಲಿಯವರೆಗೆ ಒಬ್ಬಳೇ ಎತ್ತಿ ತರಲು ಆಗುತ್ತಿರಲಿಲ್ಲ, ಇನ್ನೊಬ್ಬರನ್ನು ಕರೆಯುವುದು ನನ್ನ ಕ್ರಮವಾಗಿರಲಿಲ್ಲ.

ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ, ಇವರೊಂದಿಗೂ ಇಲ್ಲ. ನಾನಿಲ್ಲದೆಯೂ ನಡೆಯುತ್ತದೆ ಎಂದಾದರೆ ನಾನು ಎಂತಕ್ಕೆ ಎನ್ನುವ ಸಿಟ್ಟು ಅದು. ಮೂರನೆಯ ದಿನ ಬೆಳಿಗ್ಗೆ ಕುದಿಯುವ ಗಂಜಿಯ ಸಣ್ಣ ಪಾತ್ರೆಯನ್ನು ಬಟ್ಟೆ ಹಿಡಿಯದೆ ಬರಿಯ ಬಲಗೈಯಲ್ಲಿ ಇಳಿಸಿದೆ. ಇಳಿಸಿದ ಮೇಲೆ ಬೆರಳು ನೋಡಿದರೆ ಬೊಕ್ಕೆ ಬಂದಿತ್ತು. ನೋವಿಲ್ಲ. ಉಡುಪಿಯ ಆ ಹುಡುಗಿಯ ಬೆನ್ನು ಕಣ್ಣ ಮುಂದೆ ಬಂತು. ಈ ಕೈಯಲ್ಲಿ ಇನ್ನು ಯಾರನ್ನಾದರೂ ಮುಟ್ಟಬೇಕಾದರೆ ಮೊದಲು ಇದನ್ನು ರಿಪೇರಿ ಮಾಡಿಸಬೇಕು. ಗಂಡನನ್ನಾದರೂ ಸರಿ.

ಮಟ್ಟುವಿನಿಂದ ಯಾರೋ ತಂದುಕೊಟ್ಟ ನಾಲ್ಕು ಗುಳ್ಳ ಬದನೆ ಇತ್ತು. ಅದನ್ನು ತೆಗೆದುಕೊಂಡು ಬೇಲಿಯ ಹತ್ತಿರ ಹೋದೆ.

"ನನಗೆ ಎರಡು ವಾರಕ್ಕೆ ಒಂದು ಕೈ ಬೇಕು. ನಿನ್ನದು."

ಅವಳು ಎಂತಕ್ಕೆ ಎಂದು ಕೇಳಲಿಲ್ಲ. "ಯಾವಾಗಿಂದ್ರಿ?" ಎಂದಳು. ಆಮೇಲೆ ಬದನೆ ನೋಡಿ, "ಇದಕ್ಕ ಮುಳ್ಳು ಅದಾವಲ್ರಿ, ಹ್ಯಾಂಗ ಹೆಚ್ಚೂದು?" ಎಂದಳು.

ಮರುವಾರ ಆಪರೇಷನ್ ಆಯಿತು. ಮೂಗು ಚುಚ್ಚಿಸಿಕೊಳ್ಳುವಾಗ ಆದಷ್ಟೂ ನೋವಾಗಲಿಲ್ಲ. ಬಲಗೈಗೆ ದಪ್ಪ ಬ್ಯಾಂಡೇಜು ಸುತ್ತಿ ಕಳುಹಿಸಿದರು.

ಆ ಎರಡು ವಾರ ನಮ್ಮ ಮನೆಯಲ್ಲಿ ಇಬ್ಬರಿಗೆ ಸೇರಿ ಒಂದೇ ಜೊತೆ ಕೈ. ಅವರ ಬಲಗೈ, ನನ್ನ ಎಡಗೈ. ಮಾತ್ರೆಯ ಪಟ್ಟಿಯನ್ನು ನಾನು ಹಿಡಿಯುವುದು, ಅವರು ಒತ್ತಿ ತೆಗೆಯುವುದು. ಬೆಳ್ಳುಳ್ಳಿ ನಾನು ಹಿಡಿಯುವುದು, ಸಿಪ್ಪೆ ಅವರು ಎಳೆಯುವುದು. ಅವರ ಲುಂಗಿಯ ಗಂಟು ಹಾಕಲು ಇಬ್ಬರೂ ಬೇಕು. ಒಮ್ಮೆ ನಾನು ಎಳೆದದ್ದು ಹೆಚ್ಚಾಗಿ ಅವರು ಸೀಟಿ ಊದಿದರು, ನಾನು ಬೈದೆ, ಅವರು ನಕ್ಕರು. ಲಕ್ವ ಆದ ಮೇಲೆ ಅವರ ನಗು ಒಂದು ಬದಿಗೆ ಮಾತ್ರ ಬರುತ್ತದೆ. ಇಷ್ಟು ವರ್ಷ ಅವರ ಬಲಗೈ ಸುಮ್ಮನೆ ಮಲಗಿತ್ತಲ್ಲ, ಯಾಕೆ ಒಂದು ಕೆಲಸವನ್ನೂ ಕೊಡಲಿಲ್ಲ ನಾನು? ಕೊಟ್ಟರೆ ನಿಧಾನವಾಗುತ್ತದೆ, ನಾನೇ ಮಾಡಿದರೆ ಬೇಗ ಮುಗಿಯುತ್ತದೆ ಎಂದು. ಬೇಗ ಮುಗಿಸಿ ನಾನು ಮಾಡಿದ್ದು ಇನ್ನೊಂದು ಕೆಲಸ.

ಎತ್ತುವುದು, ಮಗ್ಗುಲು ಬದಲಿಸುವುದು ಪಕ್ಕದ ಮನೆಯ ಗಂಡ ಹೆಂಡತಿ ಹಂಚಿಕೊಂಡರು. ಆಪರೇಷನ್ ಆದ ನಾಲ್ಕನೆಯ ದಿನ ಅವಳು ನನ್ನ ತಲೆಯನ್ನು ಮೂಸಿ ನೋಡಿದಳು.

"ಅಮ್ಮಾರ, ಸಿಟ್ಟಿಗೇಳಬ್ಯಾಡ್ರಿ. ತಲಿಗೆ ಎಣ್ಣಿ ಹಚ್ಚಿ ಎಷ್ಟ್ ದಿವಸ ಆತು?"

"ನಿನಗೆಂತಕ್ಕೆ?"

"ನಾರತೈತ್ರಿ."

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಬಚ್ಚಲಿನಲ್ಲಿ ಮಣೆ ಹಾಕಿ ಕುಳ್ಳಿರಿಸಿದಳು. ನಾನು ಅವಳಿಗೆ ಹೇಗೆ ತಿಕ್ಕಿದ್ದೆನೋ ಹಾಗೆಯೇ ತಿಕ್ಕಿದಳು, ಕತ್ತಿನಿಂದ ಕೆಳಗೆ. ನೀರು ಹೊಯ್ದಾಗ ನನಗೆ ಸಿಟ್ಟು ಬಂತು.

"ಇದೆಂತ ನೀರಾ, ಆರಿದ ಕಷಾಯವಾ? ಬಿಸಿ ಹಾಕು ಮಾರಾಯ್ತಿ, ನಾನೇನು ಬೆಣ್ಣೆಯಾ?"

"ಸುಟ್ಟೀತ್ರಿ."

"ಸುಟ್ಟರೆ ಹೇಳ್ತೇನೆ. ನಾನು ತಡ್ಕೊಳ್ಳುವ ಜಾತಿಯವಳಲ್ಲ."

ಬೆನ್ನಿನಲ್ಲಿ ಇಷ್ಟು ದೊಡ್ಡ ನೀಲಿ ಕಲೆ ಉಂಟು ಎಂದು ಅವಳು ಹೇಳಿದಳು. ಅವರನ್ನು ಎತ್ತುವಾಗ ಮಂಚದ ಅಂಚಿಗೆ ತಾಗಿದ್ದಿರಬೇಕು. ಎದೆಯ ಅಡಿಯಲ್ಲಿ ಬೆವರು ನಿಂತು ಹುಣ್ಣಾಗಿತ್ತು. ಹಿಮ್ಮಡಿಯ ಒಡಕಿನಲ್ಲಿ ಮಣ್ಣು ಕುಳಿತಿತ್ತು. ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾ ತೊಳೆದಳು, ಸಂತೆಯಲ್ಲಿ ಸಾಮಾನು ನೋಡುವವಳ ಹಾಗೆ. ನಾಚಿಕೆಯಾಗಲಿಲ್ಲ. ಇಷ್ಟು ಮೈಗಳನ್ನು ನೋಡಿದವಳಿಗೆ ಮೈಯ ನಾಚಿಕೆ ಎಲ್ಲಿಂದ? ಬೇರೆ ಯಾವ ಮೈಯಲ್ಲಾದರೂ ಇದನ್ನು ಕಂಡಿದ್ದರೆ ಆ ಮನೆಯವರನ್ನು ನಿಲ್ಲಿಸಿ ಬೈಯುತ್ತಿದ್ದೆ. ಇಲ್ಲಿ ಬೈಸಿಕೊಳ್ಳಬೇಕಾದವಳು ಮಣೆಯ ಮೇಲೆ ಕುಳಿತಿದ್ದಳು.

ಆ ಮಧ್ಯಾಹ್ನ ಮಲಗಿದವಳು ನಾಲ್ಕೂವರೆಗೆ ಎದ್ದೆ. ಸೀಟಿ ಕೇಳಲಿಲ್ಲವಾ, ಅವರು ಊದಲಿಲ್ಲವಾ ಗೊತ್ತಿಲ್ಲ. ಕೇಳಿದೆ. ಅವರು ಭುಜ ಕುಣಿಸಿ ಆಚೆ ನೋಡಿದರು.

ಹೊಲಿಗೆ ತೆಗೆದ ಮೇಲೆ ವ್ಯಾಯಾಮ ಕಲಿಸಿದರು. ಬೆರಳು ಮಡಚುವುದು, ಚಪಾತಿ ಹಿಟ್ಟು ಹಿಸುಕುವುದು, ಪೆನ್ಸಿಲು ಹಿಡಿದು ದಿನಕ್ಕೆ ಒಂದು ಪುಟ ಬರೆಯುವುದು. ಎಂತ ಬರೆಯಲಿ ಎಂದು ಕೇಳಿದೆ. ಏನಾದರೂ ಬರೆಯಿರಿ ಎಂದರು. ಹಾಗೆ ಬರೆದದ್ದೇ ಇದು.

ಉಡುಪಿಯ ಹುಡುಗಿಯ ಬೆನ್ನು ವಾಸಿಯಾಗಿದೆ ಎಂದು ಅವಳ ತಾಯಿ ಫೋನ್ ಮಾಡಿದರು. ಡಾಕ್ಟರಿಗೆ ತೋರಿಸಿದ್ದರಂತೆ, ಸರಿಯಾಗಿ ಬೈಸಿಕೊಂಡಿದ್ದರಂತೆ. ನಲವತ್ತನೆಯ ದಿನದ ನೀರಿಗೆ ನೀವೇ ಬರಬೇಕು ಎಂದರು. ಭಾನುವಾರ ಇತ್ತು. ಸೆಂಟ್ರಿಂಗಿನವನಿಗೆ ರಜೆ, ಅವನು ಮಗಳನ್ನೂ ಕರೆದುಕೊಂಡು ಬಂದು ಇವರ ಜೊತೆ ಜಗಲಿಯಲ್ಲಿ ಕುಳಿತ. ಅವನ ಹೆಂಡತಿಯನ್ನು ಕರೆದುಕೊಂಡು ನಾನು ಹೋದೆ. ನೀರು ಎತ್ತಿದ್ದು, ಹೊಯ್ದದ್ದು ಅವಳು. ನಾನು ಬೆರೆಸಿದೆ. ಬೆರೆಸಿ, ಎಲ್ಲರೂ ನೋಡುವ ಹಾಗೆ ಮೊಣಕೈ ಅದ್ದಿದೆ.

"ಎಂತ ಅಕ್ಕ, ಮೊಣಕೈ? ಹೊಸಬರ ಹಾಗೆ?" ಎಂದು ತಾಯಿ ನಕ್ಕರು.

"ಹೌದು. ಹೊಸಬಳೇ ಈಗ." ಹುಡುಗಿಗೆ ಹೇಳಿದೆ: "ನೀನೂ ಕೈ ಹಾಕಿ ನೋಡು. ಮೈ ನಿನ್ನದು. ಬಿಸಿಯಾದರೆ ಬಾಯಿ ಬಿಟ್ಟು ಹೇಳಬೇಕು."

ಅವಳು ಕೈ ಹಾಕಿದಳು. "ಸ್ವಲ್ಪ ತಣ್ಣೀರು ಬೇಕು ಅಜ್ಜಿ" ಎಂದಳು. ಹಾಕಿದೆ. ಶಿಶುವಿನ ನೀರಿಗೆ ನನ್ನ ಮೊಣಕೈ, ಅವಳ ಕೈ, ಅವಳ ತಾಯಿಯ ಕೈ, ಮೂರೂ ಬಿದ್ದವು. ಆಮೇಲೆ ಕಾಲು ಚಾಚಿ ಕುಳ್ಳಿರಿಸಿದ್ದು ನನ್ನ ಜೊತೆ ಬಂದವಳನ್ನು. ಶಿಶು ಅವಳ ಕಾಲ ಮೇಲೆ ಉಚ್ಚೆ ಹೊಯ್ದು ಕೆಲಸಕ್ಕೆ ಸೇರಿಸಿಕೊಂಡಿತು. ಈಗ ಅವಳ ಮಗಳನ್ನು ಅಂಗನವಾಡಿಗೆ ಬಿಟ್ಟು ನಾವಿಬ್ಬರೂ ಸೇರಿ ಹೋಗುತ್ತೇವೆ, ದಿನಕ್ಕೆ ಒಂದು ಮನೆ ಮಾತ್ರ. ಮಲ್ಲಿಗೆಯ ಕಾಲದಲ್ಲಿ ಅವಳಿಗೆ ಪುರುಸೊತ್ತಿಲ್ಲ, ಆಗ ನಾನೂ ಹೋಗುವುದಿಲ್ಲ.

ಕೈ ಪೂರ್ತಿ ಬಂದಿಲ್ಲ. ನಡುಬೆರಳಿನ ತುದಿ ಈಗಲೂ ಮರದ ಚೂರಿನ ಹಾಗೆ. ಹೆಬ್ಬೆರಳು ಬಂದಿದೆ. ಬರಲಿಕ್ಕೆ ಇನ್ನೂ ಸಮಯ ಉಂಟು ಎಂದಿದ್ದಾರೆ ಡಾಕ್ಟರ್.

ಶುಕ್ರವಾರ ಮಧ್ಯಾಹ್ನ ಪಕ್ಕದವಳು ಹೂ ಕೊಟ್ಟು ಬಂದು ಜಗಲಿಯಲ್ಲಿ ಅವರ ಹತ್ತಿರ ಕುಳಿತುಕೊಳ್ಳುತ್ತಾಳೆ. ನಾನು ಎಣ್ಣೆ ಹಚ್ಚಿಕೊಂಡು ಬಚ್ಚಲಿನ ಬಾಗಿಲು ಹಾಕುತ್ತೇನೆ. ಮೊದಲ ಶುಕ್ರವಾರ ಅಗುಳಿಯನ್ನು ಕಳ್ಳತನಕ್ಕೆ ಹೊರಟವಳ ಹಾಗೆ ಸದ್ದಾಗದಂತೆ ಹಾಕಿದೆ. ಮಣೆಯ ಮೇಲೆ ಕುಳಿತು ನೀರಿಗೆ ಬಲಗೈ ಅದ್ದಿದೆ. ಎಣಿಸಲು ಶುರು ಮಾಡಿದೆ. ಆರಕ್ಕೆ ಹೆಬ್ಬೆರಳು ತಡೆಯಲಿಲ್ಲ, ಕೈ ಎಳೆದುಕೊಂಡೆ. ಬಿಸಿ. ಅರ್ಧ ಚೊಂಬು ತಣ್ಣೀರು ಹಾಕಿದೆ.

ಮೊದಲ ಚೊಂಬು ತಲೆಗೆ ಎತ್ತಿದ್ದೆ, ಅಷ್ಟರಲ್ಲಿ ಹೊರಗೆ ಒಂದು ಸೀಟಿ. ಚೊಂಬು ಹಾಗೆಯೇ ನಿಂತಿತು. ಕಾಲು ತಾನಾಗಿ ಏಳಲು ಹೊರಟಿತು. ಐದು ವರ್ಷದ ಅಭ್ಯಾಸ.

"ನಾನು ಸತ್ತಿದ್ದೇನೆ" ಎಂದು ಒಳಗಿನಿಂದ ಕೂಗಿದೆ. "ಒಂದು ತಾಸು ಬಿಟ್ಟು ಏಳ್ತೇನೆ."

ಹೊರಗೆ ಪಕ್ಕದವಳು ನಕ್ಕದ್ದು ಕೇಳಿತು. ಆಮೇಲೆ ಎರಡು ಸೀಟಿ ಕೇಳಿತು.

ನೀರು ಹೊಯ್ದುಕೊಂಡೆ.